ಮೂರು ಕಾಗದದಲ್ಲಿ ಮೂರು ಹೆಸರು: ಪಾಸ್‌ಪೋರ್ಟ್‌ಗೆ ಹೋಗುವ ಮೊದಲು ಯಾವುದನ್ನು ತಿದ್ದಿಸಬೇಕು?

ಪ್ರಶ್ನೆ: ನನಗೆ 34 ವರ್ಷ. ದುಬೈನಲ್ಲಿರುವ ಅಕ್ಕನ ಮನೆಗೆ ಹೋಗಿಬರಲು ಪಾಸ್‌ಪೋರ್ಟ್ ಮಾಡಿಸಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರು 'ಸವಿತಾ ಕೆ. ಎಂ.' ಎಂದಿದೆ. ಆಧಾರ್‌ನಲ್ಲಿ ಬರೀ 'ಸವಿತಾ'. ಪ್ಯಾನ್ ಕಾರ್ಡಿನಲ್ಲಿ 'ಕಡೂರು ಮಲ್ಲಪ್ಪ ಸವಿತಾ'. ಸಾಲದ್ದಕ್ಕೆ ಅಂಕಪಟ್ಟಿಯ ಇಂಗ್ಲಿಷ್ ಹೆಸರಿನಲ್ಲಿ 'ಟಿ' ಆದಮೇಲೆ ಒಂದು 'ಎಚ್' ಇದೆ, ಉಳಿದೆರಡರಲ್ಲಿ ಇಲ್ಲ. ಜನನ ಪ್ರಮಾಣಪತ್ರದಲ್ಲಿ ಹೆಸರೇ ಇಲ್ಲ, 'ಹೆಣ್ಣು ಮಗು' ಅಂತಷ್ಟೇ ಇದೆ. ಅಂಕಪಟ್ಟಿ ಹಿಡಿದುಕೊಂಡು ಆಧಾರ್ ಕೇಂದ್ರಕ್ಕೆ ಎರಡು ಸಲ ಹೋದೆ. ಮೊದಲ ಸಲ ಅರ್ಜಿ ತೆಗೆದುಕೊಂಡರು, ಆಮೇಲೆ ತಿರಸ್ಕಾರವಾಗಿದೆ ಎಂದು ಮೆಸೇಜ್ ಬಂತು. ಎರಡನೇ ಸಲ ಕಾಗದ ನೋಡಿಯೇ ವಾಪಸ್ ಕಳಿಸಿದರು. ಗೆಜೆಟ್ ಮಾಡಿಸಬೇಕು, ಜನನ ಪ್ರಮಾಣಪತ್ರ ಸರಿಮಾಡಿಸಬೇಕು, ಮದುವೆಯಾಗಿರುವುದರಿಂದ ಗಂಡನ ಹೆಸರೂ ಸೇರಿಸಬೇಕು, ಎಲ್ಲಾ ಸೇರಿ 9,000 ರೂಪಾಯಿ ಆಗುತ್ತದೆ ಎನ್ನುತ್ತಾರೆ ಒಬ್ಬ ಏಜೆಂಟ್. ನಿಜವಾ? ಇನ್ನೊಂದು ವಿಷಯ: ಅಮ್ಮನ ಬೆರಳಚ್ಚು ಯಾವ ಮೆಷಿನ್‌ನಲ್ಲೂ ಬರುತ್ತಿಲ್ಲ. ಅವರ ಆಧಾರ್ ರದ್ದಾಗುತ್ತದೆ ಎಂದು ಯಾರೋ ಹೆದರಿಸಿದ್ದಾರೆ. (ಹೆಸರು, ಊರು ಬದಲಿಸಲಾಗಿದೆ.)

ಉತ್ತರ:

ಸವಿತಾ ಅವರೇ, ಕನ್ನಡದಲ್ಲಿ ಬರೆದರೆ ನಿಮ್ಮ ಹೆಸರು ಎಲ್ಲ ಕಡೆ ಒಂದೇ. ತೊಂದರೆ ಇರುವುದು ಇಂಗ್ಲಿಷ್‌ನಲ್ಲಿ, ಮತ್ತು ನಮ್ಮ ಇನಿಷಿಯಲ್‌ನಲ್ಲಿ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಕೌಂಟರಿನ ಒಳಗೆ ಕೂತು ಬಂದವನು ನಾನು. ನಿಮ್ಮಂಥ ಕೇಸು ವಾರಕ್ಕೆ ನಾಲ್ಕಾದರೂ ಬರುತ್ತಿದ್ದವು. ಹಾಗಾಗಿ ಮೊದಲು ಸಮಾಧಾನದ ಮಾತು: ನಿಮ್ಮದು ಹೆಸರು ಬದಲಾವಣೆಯ ಕೇಸಲ್ಲ. ಒಂದೇ ಹೆಸರನ್ನು ಮೂರು ಜನ ಮೂರು ರೀತಿ ಬರೆದಿದ್ದಾರೆ, ಅಷ್ಟೆ. ಏಜೆಂಟ್ ಹೇಳಿದ ಮೂರೂ ಕೆಲಸ ನಿಮಗೆ ಬೇಕಿಲ್ಲ.

ಒಂದೊಂದಾಗಿ ನೋಡೋಣ. ಗೆಜೆಟ್ ಬೇಕಾಗುವುದು ಸವಿತಾ ಇದ್ದವರು ಸಂಗೀತಾ ಆಗುವಾಗ. 'ಕೆ. ಎಂ.' ಅನ್ನು 'ಕಡೂರು ಮಲ್ಲಪ್ಪ' ಎಂದು ಬಿಡಿಸಿ ಬರೆಯುವುದು ಹೊಸ ಹೆಸರು ಇಟ್ಟುಕೊಂಡಂತಲ್ಲ. ಜನನ ಪ್ರಮಾಣಪತ್ರವೂ ಹಾಗೇ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರವೊಂದೇ ಪುರಾವೆ. ಈ ಸುದ್ದಿ 2025ರಲ್ಲಿ ಪೇಪರಿನಲ್ಲಿ ಬಂದಾಗ ಅರ್ಧ ಓದಿದವರೆಲ್ಲ ಎಲ್ಲರಿಗೂ ಬೇಕು ಎಂದುಕೊಂಡರು. ನಿಮ್ಮ ವಯಸ್ಸಿನವರಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಸಾಕು. ಇನ್ನು ಗಂಡನ ಹೆಸರು. ಮದುವೆಯಾದ ಮಾತ್ರಕ್ಕೆ ನಿಮ್ಮ ಹೆಸರಿಗೆ ಅವರ ಹೆಸರು ಅಂಟಿಸಿಕೊಳ್ಳಬೇಕು ಎಂಬ ನಿಯಮ ಎಲ್ಲೂ ಇಲ್ಲ. ಸೇರಿಸಿಕೊಂಡರೆ ನಾಲ್ಕನೇ ಹೆಸರು ಹುಟ್ಟುತ್ತದೆ, ತಲೆನೋವು ಇನ್ನೂ ಜಾಸ್ತಿಯಾಗುತ್ತದೆ.

ಹಾಗಾದರೆ ಆಧಾರ್ ಕೇಂದ್ರದವರು ಯಾಕೆ ವಾಪಸ್ ಕಳಿಸಿದರು? ಅಲ್ಲಿ ಕೂತಿರುವ ಹುಡುಗನಿಗೆ ನಿಮ್ಮ ಅರ್ಜಿಯನ್ನು ಒಪ್ಪುವ ಅಧಿಕಾರ ಇಲ್ಲ. ಅವನು ಮೂಲ ಕಾಗದ ಸ್ಕ್ಯಾನ್ ಮಾಡಿ ಕಳಿಸುತ್ತಾನೆ. ಪರಿಶೀಲನೆ ನಡೆಯುವುದು ಬೇರೆ ಕಡೆ, ನಿಮ್ಮ ಮುಖ ನೋಡದ ಯಾರೋ ಪರದೆಯ ಮೇಲೆ ನೋಡಿ ತೀರ್ಮಾನಿಸುತ್ತಾರೆ. ಅವರಿಗೆ ಬೇಕಾದದ್ದು ಕೇಳಿದ ಹೆಸರು ಅಕ್ಷರಕ್ಕೆ ಅಕ್ಷರ ಇರುವ, ಫೋಟೊ ಇರುವ ಒಂದು ಕಾಗದ. ನಿಮ್ಮ ಕಾಲದ ಅಂಕಪಟ್ಟಿಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ನಿಮ್ಮ ಫೋಟೊ ಇದೆಯಾ? ಇಲ್ಲ ಅಂತಲೇ ನನ್ನ ಅಂದಾಜು. ಫೋಟೊ ಇಲ್ಲದ ಕಾಗದ ನೀವು ಯಾರು ಎಂದು ಹೇಳುವುದಿಲ್ಲ, ಸವಿತಾ ಎಂಬ ಒಬ್ಬರು ಪಾಸಾಗಿದ್ದಾರೆ ಎಂದಷ್ಟೇ ಹೇಳುತ್ತದೆ. ಎರಡನೇ ಸಲ ಆಪರೇಟರ್ ಮುಟ್ಟದೇ ಇದ್ದದ್ದಕ್ಕೆ ಕಾರಣವೂ ಸರಳ. ತಪ್ಪು ಕಾಗದ ಕಳಿಸಿದರೆ ಅದು ಆಪರೇಟರ್ ತಲೆಗೇ ಬರುತ್ತದೆ, ದಂಡ ಬೀಳುತ್ತದೆ, ಐಡಿ ಅಮಾನತಾಗುವುದೂ ಉಂಟು. ಆದರೆ ಕಾರಣ ಹೇಳದೆ ಕಳಿಸಿದ್ದು ತಪ್ಪು, ಒಪ್ಪುತ್ತೇನೆ. ನಾನೂ ಸರ್ವಿಸಿನಲ್ಲಿ ಎಷ್ಟೋ ಸಲ 'ಇದು ಆಗಲ್ಲಮ್ಮ, ನಾಳೆ ಬನ್ನಿ' ಅಂದಿದ್ದೇನೆ. ಯಾವ ಕಾಗದ ಕಡಿಮೆ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಅವರಿಗೊಂದು ದಿನದ ಕೂಲಿ ಉಳಿಯುತ್ತಿತ್ತು ಎಂದು ಈಗ ಅನಿಸುತ್ತದೆ.

ಈ ಗೋಜಲಿನ ಬೇರು ಎಲ್ಲಿದೆ ಗೊತ್ತಾದರೆ ಬಿಡಿಸುವುದು ಸುಲಭ. ನಮ್ಮಲ್ಲಿ ಮನೆತನದ ಹೆಸರು ಇರುವವರು ಇದ್ದಾರೆ, ಉತ್ತರ ಕರ್ನಾಟಕದಲ್ಲಂತೂ ಅಡ್ಡಹೆಸರು ಸಾಮಾನ್ಯ. ಆದರೆ ಹಳೇ ಮೈಸೂರು ಕಡೆ ಊರು, ಅಪ್ಪ, ಇವೆರಡರ ಮೊದಲಕ್ಷರವೇ ನಮ್ಮ ಅಡ್ಡಹೆಸರು. ಶಾಲೆಯಲ್ಲಿ ಮೇಷ್ಟ್ರು ಹಾಗೇ ಬರೆದುಕೊಂಡರು. ಪ್ಯಾನ್ ಅರ್ಜಿಗೆ ಇನಿಷಿಯಲ್ ಆಗುವುದಿಲ್ಲ, ಪೂರ್ತಿ ಬಿಡಿಸಬೇಕು. ಅದರಲ್ಲಿ ಕೊನೆಯ ಹೆಸರು ಎಂಬ ಖಾನೆ ಬೇರೆ ಇದೆ. ತುಂಬಿದವರು ಊರು ಮುಂದೆ, ಅಪ್ಪ ನಡುವೆ, ನಿಮ್ಮನ್ನು ಕೊನೆಗೆ ಹಾಕಿದರು. ಅಲ್ಲಿಗೆ ಆದಾಯ ತೆರಿಗೆ ಇಲಾಖೆಯ ಲೆಕ್ಕದಲ್ಲಿ ನಿಮ್ಮ ಅಡ್ಡಹೆಸರು ಸವಿತಾ! ಆಧಾರ್ ಮಾಡಿಸಿದಾಗ ಕ್ಯಾಂಪಿನಲ್ಲಿ 'ಹೆಸರೇನಮ್ಮ' ಅಂದರು, ನೀವು 'ಸವಿತಾ' ಅಂದಿರಿ, ಮುಗಿಯಿತು. 'ಎಚ್' ಕಥೆಯೂ ಇಷ್ಟೇ. ನಮ್ಮ ಕಡೆ 'ತ' ಬರೆಯಲು 'ಟಿಎಚ್' ಹಾಕುವ ರೂಢಿ, ಉತ್ತರದವರು ಬರೀ 'ಟಿ' ಹಾಕುತ್ತಾರೆ. ಯಾರೂ ತಪ್ಪು ಮಾಡಿಲ್ಲ. ಆದರೆ ಕಂಪ್ಯೂಟರಿಗೆ ಇವರು ಇಬ್ಬರು ಹೆಂಗಸರು.

ಈಗ ನನ್ನ ಸಲಹೆ. ಯಾವ ಕಾಗದವನ್ನು ತಿದ್ದಿಸುವುದು ಅತಿ ಕಷ್ಟವೋ ಅದನ್ನು ಗೂಟ ಮಾಡಿಕೊಳ್ಳಿ. ಉಳಿದವನ್ನೆಲ್ಲ ಅದಕ್ಕೆ ಕಟ್ಟಿ. ನಿಮ್ಮ ಮಟ್ಟಿಗೆ ಗೂಟ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಅದನ್ನು ಮುಟ್ಟಲು ಹೋದರೆ ಶಾಲೆ, ಅಲ್ಲಿಂದ ಮಂಡಳಿ ಎಂದು ತಿಂಗಳುಗಟ್ಟಲೆ ಅಲೆದಾಟ. ಪಾಸ್‌ಪೋರ್ಟ್‌ನಲ್ಲಿ ಅದು ಎರಡು ಕೆಲಸ ಮಾಡುತ್ತದೆ. ಹುಟ್ಟಿದ ದಿನಕ್ಕೆ ಪುರಾವೆ ಅದೇ. ಹತ್ತನೇ ತರಗತಿ ಪಾಸಾದವರಿಗೆ ಸಿಗುವ 'ನಾನ್ ಇಸಿಆರ್' ಸ್ಥಾನಕ್ಕೂ, ಅಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗುವಾಗ ವಲಸೆ ತಪಾಸಣೆ ಬೇಕಿಲ್ಲ ಎಂಬುದಕ್ಕೂ, ಅದೇ. ಇದು ಯಾಕೆ ಮುಖ್ಯ ಅಂದರೆ, ವಲಸೆ ತಪಾಸಣೆ ಬೇಕಾದ 18 ದೇಶಗಳ ಪಟ್ಟಿಯಲ್ಲಿ ಯುಎಇ ಕೂಡ ಇದೆ. ನೀವು ಈಗ ಸುಮ್ನೆ ನೋಡಲು ಹೋಗುತ್ತಿದ್ದೀರಿ. ಮುಂದೆ ಅಲ್ಲೇ ಕೆಲಸ ಸಿಕ್ಕಿತು ಅನ್ನಿ, ಆಗ ಈ ಸ್ಥಾನ ಉಪಯೋಗಕ್ಕೆ ಬರುತ್ತದೆ.

ಅಂಕಪಟ್ಟಿಯಲ್ಲಿ 'ಸವಿತಾ ಕೆ. ಎಂ.' ಇದೆ. ಅದನ್ನು ಹಾಗೇ ಬಿಡಿಸಿದರೆ 'ಸವಿತಾ ಕಡೂರು ಮಲ್ಲಪ್ಪ', ಇಂಗ್ಲಿಷ್‌ನಲ್ಲಿ 'ಎಚ್' ಸಮೇತ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಹೆಸರಿನ ಖಾನೆಗೆ ಸವಿತಾ, ಅಡ್ಡಹೆಸರಿನ ಖಾನೆಗೆ ಕಡೂರು ಮಲ್ಲಪ್ಪ. ಅಡ್ಡಹೆಸರಿನ ಖಾನೆ ಖಾಲಿ ಬಿಡಬೇಡಿ, ಅದೂ ದುಬೈಗೆ ಹೋಗುವವರು. ಬರೀ ಒಂದೇ ಹೆಸರಿರುವ ಪಾಸ್‌ಪೋರ್ಟ್‌ನಲ್ಲಿ ವಿಸಿಟ್ ವೀಸಾದ ಮೇಲೆ ಬರುವವರನ್ನು ಒಳಗೆ ಬಿಡುವುದಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ಹೇಳಿತು. ಆಮೇಲೆ ತಂದೆಯ ಹೆಸರು ಎರಡನೇ ಪುಟದಲ್ಲಿದ್ದರೆ ಆಗಬಹುದು ಎಂದು ಸ್ವಲ್ಪ ಸಡಿಲಿಸಿದರು. ಆದರೂ ವಿಮಾನ ಕಂಪನಿಯ ಕೌಂಟರಿನಲ್ಲಿ ನಿಂತು ಅದನ್ನು ವಾದಿಸುವ ಕಷ್ಟ ಯಾಕೆ? ಒಂದು ಸಣ್ಣ ಮುಜುಗರಕ್ಕೆ ತಯಾರಾಗಿರಿ. ಹೊರದೇಶದಲ್ಲಿ ನಿಮ್ಮನ್ನು 'ಮಿಸೆಸ್ ಮಲ್ಲಪ್ಪ' ಎಂದು ಕರೆಯುತ್ತಾರೆ. ನಿಮ್ಮಮ್ಮನಿಗೆ ಹೇಳಿದರೆ ನಗಬಹುದು.

ಹೆಸರು ತೀರ್ಮಾನವಾಯಿತು. ಇನ್ನು ಯಾವ ಕಾಗದ ಮೊದಲು? ನಿಜವಾದ ಗಂಟು ಇರುವುದು ಇಲ್ಲೇ. ಆಧಾರ್ ತಿದ್ದಲು ಫೋಟೊ ಇರುವ ಇನ್ನೊಂದು ಗುರುತಿನ ಚೀಟಿ ಬೇಕು. ನಿಮ್ಮ ಹತ್ತಿರ ಇರುವುದು ಪ್ಯಾನ್, ಅದರಲ್ಲಿ 'ಎಚ್' ಇಲ್ಲ, ಹೆಸರು ಹಿಂದುಮುಂದು. ಪ್ಯಾನ್ ತಿದ್ದಿಸೋಣ ಅಂದರೆ ಅವರು ಆಧಾರ್ ನೋಡುತ್ತಾರೆ. ಕೋಳಿ ಮೊದಲೋ ಮೊಟ್ಟೆ ಮೊದಲೋ. ಬಹಳ ಜನ ಇಲ್ಲಿ ಸೋತು ಏಜೆಂಟ್ ಕೈಗೆ ಸಿಗುತ್ತಾರೆ.

ಈ ಗಂಟನ್ನು ಎರಡು ಕಡೆಯಿಂದ ಬಿಡಿಸಬಹುದು. ಮೊದಲನೆಯದು ಮತದಾರರ ಚೀಟಿ. ಫಾರ್ಮ್ 8 ತುಂಬಿ ಹೆಸರು ತಿದ್ದುಪಡಿ ಕೇಳಿದರೆ ಫೀಸಿಲ್ಲ. ಮನೆಯಿಂದಲೇ ಹಾಕಬಹುದು, ಬೂತ್ ಮಟ್ಟದ ಅಧಿಕಾರಿಯ ಕೈಗೂ ಕೊಡಬಹುದು. ಅಲ್ಲಿ ನಿಮ್ಮನ್ನು ಬಲ್ಲವರು ಬಂದು ನೋಡುವುದರಿಂದ ಅಂಕಪಟ್ಟಿ ತೋರಿಸಿ ವಿವರಿಸಲು ಜಾಗ ಇದೆ. ಇದರ ಕೊರತೆ ಸಮಯ. ಪಟ್ಟಿ ಪರಿಷ್ಕರಣೆ ನಡೆಯುವಾಗಲೋ ಚುನಾವಣೆ ಹತ್ತಿರ ಬಂದಾಗಲೋ ಅರ್ಜಿ ಅಲ್ಲೇ ಕೂರುತ್ತದೆ.

ಎರಡನೆಯದು, ಆಧಾರ್ ಪ್ರಾಧಿಕಾರವೇ ಕೊಟ್ಟಿರುವ ಪ್ರಮಾಣಪತ್ರದ ನಮೂನೆ. ಗೆಜೆಟೆಡ್ ಅಧಿಕಾರಿ, ತಹಶೀಲ್ದಾರ್, ಶಾಸಕರು, ಇಂಥವರು ಸಹಿ ಮಾಡಿ ಕೊಡುವಂಥದ್ದು. ಅದರಲ್ಲಿ ನಿಮ್ಮ ಪೂರ್ತಿ ಹೆಸರು, ಫೋಟೊ ಎರಡೂ ಇರುತ್ತವೆ. ಬೇಗ ಆಗುವ ದಾರಿ ಇದು. ಆದರೆ ಸಹಿ ಮಾಡುವವರು ನಿಮಗಾಗಿ ಜವಾಬ್ದಾರಿ ಹೊರುತ್ತಾರೆ, ಹಾಗಾಗಿ ಗುರುತಿಲ್ಲದವರಿಗೆ ಕೊಡಲು ಹಿಂಜರಿಯುತ್ತಾರೆ. ಅಂಕಪಟ್ಟಿ, ಪ್ಯಾನ್, ಶಾಲಾ ವರ್ಗಾವಣೆ ಪತ್ರ ಮೂರನ್ನೂ ತೆಗೆದುಕೊಂಡು ಹೋಗಿ, 'ಕೆ ಅಂದರೆ ಕಡೂರು, ಎಂ ಅಂದರೆ ಮಲ್ಲಪ್ಪ' ಎಂದು ತೋರಿಸಿ. ಪ್ಯಾನ್‌ನಲ್ಲಿ ಎರಡೂ ಬಿಡಿಸಿ ಬರೆದಿರುವುದು ಇಲ್ಲಿ ನಿಮಗೆ ಸಹಾಯಕ್ಕೆ ಬರುತ್ತದೆ. ಈ ನಮೂನೆ ತಿರಸ್ಕಾರವಾಗುವುದು ಬಹುತೇಕ ಸಣ್ಣ ಸಣ್ಣ ಕಾರಣಕ್ಕೆ. ದಿನಾಂಕ ಬರೆದಿರುವುದಿಲ್ಲ. ಮೊಹರು ಫೋಟೊದ ಮೇಲೆ ಅರ್ಧ, ಕಾಗದದ ಮೇಲೆ ಅರ್ಧ ಬಿದ್ದಿರುವುದಿಲ್ಲ. ಒಂದು ಅಕ್ಷರ ಹೊಡೆದು ಮೇಲೆ ತಿದ್ದಿರುತ್ತಾರೆ. ಸಹಿಯಾದ ದಿನದಿಂದ ಮೂರು ತಿಂಗಳು ಮಾತ್ರ ಅದಕ್ಕೆ ಬೆಲೆ. ಮೊದಲು ಸಹಿ ಮಾಡಿಸಿಟ್ಟುಕೊಂಡು ಆಮೇಲೆ ಪುರುಸೊತ್ತಾದಾಗ ಹೋದರೆ ಮತ್ತೆ ಮೊದಲಿನಿಂದ ಶುರು.

ನಾನಾಗಿದ್ದರೆ ಎರಡನೇ ದಾರಿ ಹಿಡಿಯುತ್ತಿದ್ದೆ. ನಿಮ್ಮ ಅಪ್ಪನ ಕಡೆಯ ತಾಲ್ಲೂಕು ಕಚೇರಿಯಲ್ಲೋ, ಓದಿದ ಕಾಲೇಜಿನ ಪ್ರಾಂಶುಪಾಲರ ಹತ್ತಿರವೋ ಮೊದಲು ವಿಚಾರಿಸಿ.

ಆಧಾರ್ ಕೇಂದ್ರದಲ್ಲಿ ಒಂದು ಎಚ್ಚರ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ. ಹುಟ್ಟಿದ ದಿನಾಂಕಕ್ಕೆ ಒಂದೇ. ವಿಳಾಸಕ್ಕೆ ಮಾತ್ರ ಮಿತಿ ಇಲ್ಲ. ಆದ್ದರಿಂದ 'ಈಗ ಎಚ್ ಸೇರಿಸೋಣ, ಅಡ್ಡಹೆಸರು ಆಮೇಲೆ ನೋಡೋಣ' ಎಂಬ ಲೆಕ್ಕ ಬೇಡ. ಒಂದೇ ಸಲಕ್ಕೆ ಪೂರ್ತಿ ಮಾಡಿಸಿ. ಆಪರೇಟರ್ ಟೈಪ್ ಮಾಡುವಾಗ ನಿಮ್ಮ ಕಡೆಗೂ ಒಂದು ಪರದೆ ಇರುತ್ತದೆ, ಅದನ್ನು ಓದಿ. ಇಂಗ್ಲಿಷ್ ಓದಿದರೆ ಸಾಲದು, ಕನ್ನಡದ ಸಾಲನ್ನೂ ಓದಿ. ಇಂಗ್ಲಿಷ್‌ನಿಂದ ಕನ್ನಡಕ್ಕೆ ಯಂತ್ರವೇ ಬರೆಯುತ್ತದೆ, 'ಎಚ್' ಕಂಡ ತಕ್ಷಣ ಸವಿತಾ 'ಸವಿಥಾ' ಆದರೂ ಆಶ್ಚರ್ಯವಿಲ್ಲ. ಆಗಲೇ ಹೇಳಿದರೆ ಅವರೇ ತಿದ್ದುತ್ತಾರೆ. ಹೆಸರು ತಿದ್ದುಪಡಿಗೆ ಶುಲ್ಕ 75 ರೂಪಾಯಿ, 2025ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ದರ ಇದು. ರಸೀದಿಯಲ್ಲಿ ಮುದ್ರಿಸಿದ್ದಕ್ಕಿಂತ ಜಾಸ್ತಿ ಕೇಳಿದರೆ 1947ಕ್ಕೆ ಫೋನ್ ಮಾಡಿ, ಅದು ಆಧಾರ್ ಸಹಾಯವಾಣಿ. ರಸೀದಿ ಕಳೆಯಬೇಡಿ. ಅದರಲ್ಲಿರುವ ಸಂಖ್ಯೆಯಿಂದಲೇ ಅರ್ಜಿ ಎಲ್ಲಿದೆ ಎಂದು ನೋಡಬೇಕು. ಅಂದಹಾಗೆ, ಕೆಲವರು ಅಲ್ಲಿ 'ಸಕಾಲ'ದಲ್ಲಿ ದೂರು ಕೊಡುತ್ತೇನೆ ಎಂದು ಜಗಳಕ್ಕೆ ನಿಲ್ಲುತ್ತಾರೆ. ಸಕಾಲ ರಾಜ್ಯ ಸರ್ಕಾರದ ಸೇವೆಗಳಿಗೆ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ತಡವಾದರೆ ಬಳಸಿ. ಆಧಾರ್, ಪಾಸ್‌ಪೋರ್ಟ್ ಎರಡೂ ಕೇಂದ್ರದವು, ಅಲ್ಲಿ ಈ ಅಸ್ತ್ರ ನಡೆಯುವುದಿಲ್ಲ.

ಆಧಾರ್ ಸರಿಯಾದ ಮೇಲೆ ಪ್ಯಾನ್ ತಿದ್ದುವುದು ಕೂತಲ್ಲೇ ಆಗುವ ಕೆಲಸ, ಆಧಾರ್ ಆಧಾರದ ಮೇಲೆ ಆನ್‌ಲೈನ್‌ನಲ್ಲೇ ಮುಗಿಯುತ್ತದೆ. ಎರಡೂ ಜೋಡಣೆಯಾಗಿವೆಯೇ ಎಂದೂ ಒಮ್ಮೆ ನೋಡಿ. ಹೆಸರು ಹೊಂದದೆ ಜೋಡಣೆ ನಿಂತುಹೋಗಿ, 2023ರ ಜುಲೈ 1ರಿಂದ ಪ್ಯಾನ್ ನಿಷ್ಕ್ರಿಯವಾಗಿದ್ದರೂ ಗೊತ್ತಿಲ್ಲದವರು ಬಹಳ ಮಂದಿ ಇದ್ದಾರೆ.

ಆಮೇಲೆ ಪಾಸ್‌ಪೋರ್ಟ್. ಸಾಮಾನ್ಯ 36 ಪುಟದ ಪುಸ್ತಕಕ್ಕೆ 1,500 ರೂಪಾಯಿ, ತತ್ಕಾಲ್ ಬೇಕಾದರೆ ಮೇಲೆ 2,000. ನಿಮಗೆ ತತ್ಕಾಲ್ ಬೇಡ. ಅವಸರ ಮಾಡಿದಷ್ಟೂ ಕಾಗದ ಹೆಚ್ಚು ಕೇಳುತ್ತಾರೆ, ನಿಮ್ಮ ತೊಂದರೆ ಇರುವುದೇ ಕಾಗದದಲ್ಲಿ. ವೆಬ್‌ಸೈಟ್ ವಿಳಾಸದ ಕೊನೆಯಲ್ಲಿ 'ಜಿಒವಿ ಡಾಟ್ ಇನ್' ಇದೆಯಾ ನೋಡಿಕೊಂಡೇ ಹಣ ಕಟ್ಟಿ. ಸರ್ಕಾರಿ ಸೈಟಿನಂತೆಯೇ ಕಾಣುವ ನಕಲಿ ಸೈಟುಗಳು ಬೇಕಾದಷ್ಟಿವೆ. ನಿಮ್ಮ ಊರಿನಿಂದ ಬೆಂಗಳೂರಿಗೇ ಹೋಗಬೇಕು ಅಂತೇನಿಲ್ಲ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಅರ್ಜಿ ತೆಗೆದುಕೊಳ್ಳುವ ವ್ಯವಸ್ಥೆ 2017ರ ಜನವರಿಯಲ್ಲಿ ನಮ್ಮ ಮೈಸೂರಿನಿಂದಲೇ ಶುರುವಾಯಿತು, ಜೊತೆಗೆ ಗುಜರಾತಿನ ದಾಹೋದ್‌ನಲ್ಲಿ. ಈಗ ಅಂಥ ಕೇಂದ್ರಗಳು ಬೇಕಾದಷ್ಟು ಕಡೆ ಇವೆ. ಸೈಟಿನಲ್ಲಿ ಹತ್ತಿರದ್ದನ್ನು ಆರಿಸಿಕೊಳ್ಳಿ.

ಅರ್ಜಿಯಲ್ಲಿ 'ನಿಮಗೆ ಬೇರೆ ಹೆಸರುಗಳಿವೆಯೇ' ಎಂಬ ಪ್ರಶ್ನೆ ಬರುತ್ತದೆ. ಹೆದರಿ 'ಇಲ್ಲ' ಅನ್ನಬೇಡಿ. 'ಸವಿತಾ ಕೆ. ಎಂ.' ಎಂದು ಅಲ್ಲಿ ಬರೆಯಿರಿ. ಇದು ನಿಮ್ಮ ಅಂಕಪಟ್ಟಿಗೂ ಪಾಸ್‌ಪೋರ್ಟ್‌ಗೂ ನಡುವಿನ ಸೇತುವೆ. ಮುಚ್ಚಿಟ್ಟರೆ ಏನು ಅಪಾಯ ಅಂತ ಕೇಳಬಹುದು. 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಸುಳ್ಳು ಮಾಹಿತಿ ಕೊಟ್ಟರೆ ಅಥವಾ ಮುಖ್ಯ ವಿಷಯ ಮುಚ್ಚಿಟ್ಟರೆ ಎರಡು ವರ್ಷದವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಏಜೆಂಟ್ ವಿಷಯದಲ್ಲಿ ನನಗಿರುವ ನಿಜವಾದ ಚಿಂತೆ ಇದೇ. 9,000 ಹೋದರೆ ಹೋಗಲಿ. ಆದರೆ ಅವರು ನಿಮ್ಮ ಹೆಸರಿನಲ್ಲಿ ಯಾವ ಕಾಗದ ಸೃಷ್ಟಿಸಿದರೋ, ಯಾವ ಖಾನೆಗೆ ಏನು ತುಂಬಿದರೋ ನಿಮಗೆ ಗೊತ್ತಿರುವುದಿಲ್ಲ, ಸಹಿ ಮಾತ್ರ ನಿಮ್ಮದು. ಅರ್ಜಿ ತುಂಬಲು ಗೊತ್ತಾಗದಿದ್ದರೆ ಸೈಬರ್ ಸೆಂಟರ್‌ನಲ್ಲೋ ಗ್ರಾಮ ಒನ್‌ನಲ್ಲೋ ಕೂತು ತುಂಬಿಸಿಕೊಳ್ಳಿ, ತಪ್ಪಿಲ್ಲ. ಪರದೆ ನಿಮ್ಮ ಕಣ್ಣೆದುರು ಇರಬೇಕು, ಪಾಸ್‌ವರ್ಡ್ ನಿಮ್ಮ ಹತ್ತಿರ ಇರಬೇಕು, ಮೊಬೈಲ್ ನಂಬರ್ ನಿಮ್ಮದಿರಬೇಕು.

ಪಾಸ್‌ಪೋರ್ಟ್ ಸೇವಾ ಕೇಂದ್ರದ ಒಳಗೆ ಎ, ಬಿ, ಸಿ ಎಂದು ಮೂರು ಕೌಂಟರ್. ಎನಲ್ಲಿ ಕೂತಿರುವವರು ಖಾಸಗಿ ಕಂಪನಿಯ ಸಿಬ್ಬಂದಿ. ಕಾಗದ ಸ್ಕ್ಯಾನ್ ಮಾಡುತ್ತಾರೆ, ಫೋಟೊ, ಬೆರಳಚ್ಚು ತೆಗೆಯುತ್ತಾರೆ. ಅವರು 'ಹೆಸರು ಹೊಂದಲ್ಲ' ಅಂದರೆ ಗಾಬರಿಯಾಗಬೇಡಿ, 'ಬಿ ಕೌಂಟರಿನ ಅಧಿಕಾರಿಗೆ ವಿವರಿಸುತ್ತೇನೆ' ಅನ್ನಿ. ಬಿ ಮತ್ತು ಸಿ ಸರ್ಕಾರಿ ಅಧಿಕಾರಿಗಳದ್ದು, ಮಾತು ಕೇಳಿಸಿಕೊಂಡು ತೀರ್ಮಾನ ಮಾಡುವವರು ಅವರೇ. ಅಲ್ಲಿ ಕಥೆ ಹೇಳಬೇಡಿ. 'ಅಂಕಪಟ್ಟಿಯ ಇನಿಷಿಯಲ್ ಬಿಡಿಸಿದ್ದೇನೆ, ಇದು ಊರು, ಇದು ಅಪ್ಪ' ಎಂದು ಕಾಗದ ಮುಂದಿಡಿ. ಸಾಕು. ಹೊರಗೆ ಬರುವಾಗ ಕೊಡುವ ಚೀಟಿಯಲ್ಲಿ ಅರ್ಜಿಯ ಸ್ಥಿತಿ ಬರೆದಿರುತ್ತದೆ. ಏನಾದರೂ ಕಡಿಮೆ ಬಿದ್ದು ತಡೆಹಿಡಿದಿದ್ದರೆ ಅದೂ ಇರುತ್ತದೆ. ತಡೆಹಿಡಿಯುವುದು ಅಂದರೆ ತಿರಸ್ಕಾರ ಅಲ್ಲ. ಆ ಕಾಗದ ತಂದು ಅದೇ ಅರ್ಜಿಯನ್ನು ಮುಂದುವರಿಸಬಹುದು. ಪುಸ್ತಕ ತರಲು ಮತ್ತೆ ಕಚೇರಿಗೆ ಹೋಗಬೇಕಾಗಿಲ್ಲ, ಪೊಲೀಸ್ ಪರಿಶೀಲನೆ ಮುಗಿದ ಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೇ ಬರುತ್ತದೆ. ಹಾಗಾಗಿ ಈಗ ನಿಜವಾಗಿ ವಾಸ ಇರುವ ವಿಳಾಸವನ್ನೇ ಕೊಡಿ. ತವರಿನ ವಿಳಾಸ ಕೊಟ್ಟು ಗಂಡನ ಮನೆಯಲ್ಲಿದ್ದರೆ ಪರಿಶೀಲನೆಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ.

ಕೊನೆಗೆ ಅಮ್ಮನ ವಿಷಯ. ಬೆರಳಚ್ಚು ಬರಲಿಲ್ಲ ಅಂತ ಆಧಾರ್ ರದ್ದು ಮಾಡುವುದಿಲ್ಲ. ವಯಸ್ಸಾದಂತೆ ಚರ್ಮ ಒಣಗಿ ಬೆರಳಿನ ಗೆರೆಗಳು ಸವೆಯುತ್ತವೆ. ಅಡಿಕೆ ಸುಲಿದವರ, ಗಾರೆ ಕೆಲಸದವರ ಕೈಯಲ್ಲಂತೂ ಬೇಗ ಮಾಯ. ಈ ಕಾರಣಕ್ಕೇ ಆಧಾರ್‌ನಲ್ಲಿ ಹತ್ತು ಬೆರಳಿನ ಜೊತೆಗೆ ಎರಡು ಕಣ್ಣು, ಮುಖ ಎಲ್ಲವನ್ನೂ ತೆಗೆದುಕೊಂಡಿರುತ್ತಾರೆ. ಹೆಬ್ಬೆರಳು ಬರದಿದ್ದರೆ ಬೇರೆ ಬೆರಳು ಇಟ್ಟು ನೋಡಲಿ, ಕೈ ತೊಳೆದು ಸ್ವಲ್ಪ ಎಣ್ಣೆ ಸವರಿ ಒರೆಸಿ ಇಟ್ಟರೆ ಕೆಲವರಿಗೆ ಬರುತ್ತದೆ. ಅದೂ ಆಗದಿದ್ದರೆ ಕಣ್ಣಿನ ಮೂಲಕ, ಮುಖದ ಮೂಲಕ, ಇಲ್ಲವೇ ಮೊಬೈಲ್‌ಗೆ ಬರುವ ಒಟಿಪಿ ಮೂಲಕ ದೃಢೀಕರಿಸುವ ದಾರಿಗಳಿವೆ. ಆಧಾರ್ ಕೇಂದ್ರದಲ್ಲಿ ಬಯೊಮೆಟ್ರಿಕ್ ಹೊಸದಾಗಿ ತೆಗೆಸಿದರೆ 125 ರೂಪಾಯಿ. ಹತ್ತು ವರ್ಷ ಹಿಂದಿನ ಬೆರಳಿಗೂ ಈಗಿನದಕ್ಕೂ ವ್ಯತ್ಯಾಸ ಇರುತ್ತದಲ್ವಾ, ತೆಗೆಸುವುದು ಒಳ್ಳೆಯದು. ಅವರ ಆಧಾರ್‌ಗೆ ಮನೆಯವರದ್ದೇ ಮೊಬೈಲ್ ನಂಬರ್ ಜೋಡಿಸಿದೆಯಾ ಎಂದೂ ಕೇಳಿ. ಇಲ್ಲದಿದ್ದರೆ ನಿಮ್ಮ ಹೆಸರು ತಿದ್ದಿಸಲು ಹೋಗುವ ದಿನವೇ ಅಮ್ಮನನ್ನೂ ಕರೆದುಕೊಂಡು ಹೋಗಿ. ಟೋಕನ್ ಮಾತ್ರ ಎರಡು ತೆಗೆದುಕೊಳ್ಳಿ, ಒಂದೇ ಟೋಕನ್‌ನಲ್ಲಿ ಇಬ್ಬರನ್ನು ಕೂರಿಸುವುದಿಲ್ಲ.